ಟಿಕೆಟ್ ಹಿಮದ ಹೆಸರಲ್ಲಿ, ಕಥೆ ಪೂರ್ತಿ ನೀರಿನದು: ಮಿನಿಯಾಪೊಲಿಸ್‌ನ ಅರ್ಧ ದಿನದ ಟೂರ್ ಹೇಗಿತ್ತು?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಗೈಡ್ ಒಬ್ಬರಿಗೇ ಕೊಡು ಅಂದರೆ ಐದಕ್ಕೆ ಐದು. ಕಟ್ ಆದ ಒಂದೂವರೆ ಪೂರ್ತಿ ಕಂಪನಿಯ ಲೆಕ್ಕಕ್ಕೆ. ಕಂಪನಿ ಹೆಸರು ಬರೆಯುವುದಿಲ್ಲ. ಒಂದು ವ್ಯಾನು, ಮೂರ್ನಾಲ್ಕು ಜನ ಇರುವ ಚಿಕ್ಕ ವ್ಯವಹಾರ, ನನ್ನ ಒಂದು ಶನಿವಾರದ ಕಿರಿಕಿರಿಗೆ ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ನೀವು ಯಾರ ಜೊತೆ ಹೋದರೂ, ಅಥವಾ ಯಾರೂ ಬೇಡ ಅಂತ ನೀವೇ ಹೋದರೂ, ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿಸಿಸಿಪಿ ದಂಡೆಯ ಈ ಊರಿನ ನೆಲ, ಜಲಪಾತ, ಕೆರೆ ಹೇಗಾದವು ಅಂತ ತೋರಿಸುವ ಟೂರ್ ಇದು. ತಲೆಗೆ 65 ಡಾಲರ್, ಮಕ್ಕಳಿಗೆ 40. ಐದು ಗಂಟೆ. ಸೇಂಟ್ ಆಂಥೊನಿ ಜಲಪಾತದ ಹತ್ತಿರ ಶುರು, ಮಧ್ಯೆ ಒಂದು ಕೆರೆ, ಊಟ, ಮಿನ್ನೆಹಾಹಾ ಪಾರ್ಕ್, ಕೊನೆಗೆ ಫೋರ್ಟ್ ಸ್ನೆಲ್ಲಿಂಗ್ ಅನ್ನುವ ಹಳೇ ಕೋಟೆ. ನಾವು ನಾಲ್ಕು ಜನ: ನಾನು, ಹೆಂಡತಿ, ಹತ್ತು ವರ್ಷದ ಮಗಳು, ಮತ್ತೆ ಊರಿಂದ ಮೂರು ತಿಂಗಳಿಗೆ ಅಂತ ಬಂದಿರುವ ನಮ್ಮತ್ತೆ. ಅತ್ತೆ ಧಾರವಾಡದ ಕಡೆಯವರು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಅವರ ಕರಪತ್ರದಲ್ಲಿ ನೀಲಿ ಹಿಮದ ಗೋಡೆ, ಅದರ ಮುಂದೆ ಉಣ್ಣೆ ಹೊದ್ದ ದೊಡ್ಡ ಆನೆ, ಮೇಲೆ ‘ಹಿಮ ಕೆತ್ತಿದ ನಗರ’ ಅಂತ ದಪ್ಪ ಅಕ್ಷರ. ನಾನೂ ಹಾಗೇ ಅಂದುಕೊಂಡಿದ್ದೆ. ಹಿಮನದಿ ಬಂತು, ಉಳಿ ಹಿಡಿದು ಕೆತ್ತಿದ ಹಾಗೆ ನೆಲ ಕೆತ್ತಿತು, ಕಣಿವೆ ಆಯಿತು, ಮಿಸಿಸಿಪಿ ಅದರಲ್ಲಿ ಹರಿಯಿತು. ಗೈಡ್ ಮೊದಲ ಹತ್ತು ನಿಮಿಷದಲ್ಲೇ ಇದನ್ನೆಲ್ಲ ಉಲ್ಟಾ ಮಾಡಿದರು. ಇಲ್ಲಿ ಹಿಮ ಕೆತ್ತಿದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿಯಂತೆ. ಹಿಮ ಬರುವ ಮೊದಲು ಇಲ್ಲಿ ಬೇರೆ ಕಣಿವೆಗಳಿದ್ದವು, ನದಿ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಹಿಮ ಬಂದು ಆ ಕಣಿವೆಗಳಿಗೆ ಮಣ್ಣು, ಮರಳು, ಗುಂಡುಕಲ್ಲು ತುಂಬಿ ಸಪಾಟು ಮಾಡಿತು. ಈಗ ನಾವು ನೋಡುವ ಕಮರಿ ಕಡಿದದ್ದು ಆ ಹಿಮ ಕರಗಿದ ನೀರು. “ಕರಪತ್ರ ಬರೆದದ್ದು ನಾನಲ್ಲ,” ಅಂತ ನಗುತ್ತಾ ಸೇರಿಸಿದರು.

ಗೈಡ್ ಒಬ್ಬ ನಿವೃತ್ತ ಮೇಡಂ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಅವರನ್ನು ಹೊಗಳುವ ಮೊದಲು ಬೈಗುಳದ ಒಂದು ಕಂತು ಮುಗಿಸಿಬಿಡೋಣ. ವ್ಯಾನು 25 ನಿಮಿಷ ಲೇಟು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರಗಳಲ್ಲಿ ಮೂರು ಕೆಲಸ ಮಾಡಲಿಲ್ಲ, ಅದರಲ್ಲಿ ಒಂದು ನನ್ನ ಪಾಲಿಗೆ ಬಂತು. ಜಲಪಾತದ ಪಕ್ಕ ನಿಂತು, ನೀರಿನ ಸದ್ದಿನಲ್ಲಿ, ಯಂತ್ರ ಇಲ್ಲದೆ ಏನು ಕೇಳಿಸುತ್ತದೆ ಹೇಳಿ? ಕೊನೆಗೆ ಮೇಡಂ ತಮ್ಮ ಮೈಕನ್ನೇ ಆಫ್ ಮಾಡಿ, ನಮ್ಮನ್ನೆಲ್ಲ ಹತ್ತಿರ ಕರೆದು, ಕ್ಲಾಸಿನಲ್ಲಿ ಕೂಗಿದ ಹಾಗೆ ಕೂಗಿ ಹೇಳಿದರು. ಅದೇ ಚೆನ್ನಾಗಿತ್ತು.

ಈಗ ಜಲಪಾತ. ಮೊದಲ ನೋಟಕ್ಕೆ ನಿರಾಸೆ ಆಗುತ್ತದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಜೋಗದ ಫೋಟೊ ನೋಡಿ ಬೆಳೆದವರಿಗೆ ಇದು ಜಲಪಾತವೇ ಅಲ್ಲ, ದೊಡ್ಡ ಕಾಲುವೆಯ ತೂಬು. ಕಾಂಕ್ರೀಟ್ ಇಳಿಜಾರು, ಅದರ ಮೇಲೆ ನೀರು ಜಾರುತ್ತದೆ. ಪಕ್ಕದಲ್ಲಿ ಹಡಗುಗಳನ್ನು 49 ಅಡಿ ಏರಿಸಿ ಇಳಿಸುತ್ತಿದ್ದ ಲಾಕ್ ಇದೆ. ಏಷ್ಯಾದ ಕಾರ್ಪ್ ಮೀನು ಮೇಲಕ್ಕೆ ಹತ್ತಬಾರದು ಅಂತ 2015ರಲ್ಲಿ ಅದನ್ನು ಮುಚ್ಚಿದರು. ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನ ಈ ಜಾಗಕ್ಕೆ ಒವಾಮ್ನಿಯೊಮ್ನಿ ಅಂತಾರೆ, ಸುಳಿ ಸುತ್ತುವ ನೀರು ಅನ್ನುವ ಅರ್ಥ. 1680ರಲ್ಲಿ ಬಂದ ಹೆನೆಪಿನ್ ಎಂಬ ಪಾದ್ರಿ ತನ್ನ ಸಂತನ ಹೆಸರಿಟ್ಟು ಹೋದ. ಇಷ್ಟನ್ನು ಯಾವ ಬೋರ್ಡಿನಲ್ಲಾದರೂ ಓದಿಕೊಳ್ಳಬಹುದು.

ಬೋರ್ಡಿನಲ್ಲಿ ಸಿಗದ್ದು ಮೇಡಂ ಚೀಲದಿಂದ ಹೊರಗೆ ಬಂತು. ಒಂದು ಪ್ಲಾಸ್ಟಿಕ್ ಟ್ರೇ, ಸಕ್ಕರೆಯ ಪೊಟ್ಟಣ, ಉಪ್ಪು ಬಿಸ್ಕತ್ತು. ಸಕ್ಕರೆಯನ್ನು ಟ್ರೇಯ ಅರ್ಧಕ್ಕೆ ಒತ್ತಿ ದಿಣ್ಣೆ ಮಾಡಿದರು, ಮೇಲೆ ಬಿಸ್ಕತ್ತು ಜೋಡಿಸಿದರು. ಬಾಟಲಿಯಿಂದ ಸಣ್ಣಗೆ ನೀರು ಬಿಟ್ಟರು. ನೀರು ಬಿಸ್ಕತ್ತಿನ ಮೇಲೆ ಹರಿದು ಅಂಚಿನಿಂದ ಬಿತ್ತು, ಬಿದ್ದ ಕಡೆ ಸಕ್ಕರೆ ಕರಗಿ ಒಳಗೆ ಗವಿ ಆಯಿತು. ಬಿಸ್ಕತ್ತಿನ ತುದಿ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತ್ತು. ಆಮೇಲೆ ಟಪ್ ಅಂತ ಮುರಿಯಿತು. ನೀರು ಈಗ ಒಂದು ಬೆರಳು ಹಿಂದಿನಿಂದ ಬೀಳುತ್ತಿತ್ತು. ಮಗಳು ಇನ್ನೊಂದ್ಸಲ, ಇನ್ನೊಂದ್ಸಲ ಅಂದಳು. ಮೂರು ಬಿಸ್ಕತ್ತು ಖಾಲಿಯಾದವು.

ಇಡೀ ಊರಿನ ಕಥೆ ಆ ಟ್ರೇಯಲ್ಲೇ ಇದೆ. ಬಿಸ್ಕತ್ತು ಅಂದರೆ ಪ್ಲಾಟ್‌ವಿಲ್ ಸುಣ್ಣದ ಕಲ್ಲು, ಗಟ್ಟಿ. ಸಕ್ಕರೆ ಅಂದರೆ ಅದರ ಕೆಳಗಿನ ಸೇಂಟ್ ಪೀಟರ್ ಮರಳುಗಲ್ಲು, ಹೆಸರಿಗೆ ಮಾತ್ರ ಕಲ್ಲು. ಎರಡೂ ಸುಮಾರು 45 ಕೋಟಿ ವರ್ಷ ಹಿಂದಿನವು. ಆಗ ಇದು ಭೂಮಧ್ಯರೇಖೆ ಹತ್ತಿರದ ಬೆಚ್ಚಗಿನ ಸಮುದ್ರ. ಗಟ್ಟಿ ಮುಚ್ಚಳ, ಕೆಳಗೆ ಪುಡಿ. ನೀರು ಬಿದ್ದ ಕಡೆ ಬುಡ ಕೊಚ್ಚಿ ಹೋಗುತ್ತದೆ, ಮುಚ್ಚಳ ಮುರಿದು ಬೀಳುತ್ತದೆ, ಜಲಪಾತ ಹಿಂದಕ್ಕೆ ಸರಿಯುತ್ತದೆ. ಹೀಗೆ ಸರಿದು ಸರಿದು, ಫೋರ್ಟ್ ಸ್ನೆಲ್ಲಿಂಗ್‌ನಿಂದ ಇಲ್ಲಿಯವರೆಗೆ 13 ಕಿಲೋಮೀಟರ್ ಬಂದಿದೆ, ಹತ್ತಿರ ಹತ್ತಿರ 10,000 ವರ್ಷದಲ್ಲಿ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 1.3 ಮೀಟರ್. ಅದು ನಡೆದು ಬಂದ ದಾರಿಯೇ ಈ ಕಮರಿ. ಮಿಸಿಸಿಪಿ ಇಷ್ಟುದ್ದ ಹರಿದರೂ ನಿಜವಾದ ಕಮರಿ ಅನ್ನುವಂಥದ್ದು ಅದಕ್ಕಿರುವುದು ಇಲ್ಲಿ ಮಾತ್ರ.

ಹಾಗಾದರೆ ಈಗ ಯಾಕೆ ಸರಿಯುತ್ತಿಲ್ಲ? ಕಾಂಕ್ರೀಟ್ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಮೇಲ್ಗಡೆ ಇನ್ನು ಸುಮಾರು 1,200 ಅಡಿ ಹೋದರೆ ಸುಣ್ಣದ ಕಲ್ಲಿನ ಮುಚ್ಚಳ ಮುಗಿದೇ ಹೋಗುತ್ತದೆ. ಅಲ್ಲಿಗೆ ಮುಟ್ಟಿದ್ದರೆ ಜಲಪಾತವೇ ಇಲ್ಲ, ಬರೀ ಕಲ್ಲುಗಳ ಮೇಲೆ ನೊರೆಯಾಡುವ ಹೊಳೆ. ಜಲಪಾತದ ಬಲದಿಂದ ಮರ ಕೊಯ್ಯುವ ಮಿಲ್ಲು, ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ಊರಿಗೆ ಅದು ಜೀವದ ಪ್ರಶ್ನೆ. ಅಂಥದ್ದರಲ್ಲಿ ಅದೇ ಊರಿನವರು ನದಿಯ ಕೆಳಗೆ, ಅದೇ ಸಕ್ಕರೆಯಂಥ ಮರಳುಗಲ್ಲಿನಲ್ಲಿ, ನಿಕೊಲೆಟ್ ದ್ವೀಪಕ್ಕೆ ಅಂತ ಸುರಂಗ ತೋಡಲು ಹೋದರು! 1869ರ ಅಕ್ಟೋಬರ್ 5ಕ್ಕೆ ನದಿ ಸುರಂಗದೊಳಗೆ ನುಗ್ಗಿತು. ನೀರಿನಲ್ಲಿ ದೊಡ್ಡ ಸುಳಿ ಎದ್ದಿತು. ಊರಿಗೆ ಊರೇ ಓಡಿ ಬಂದು ಮರದ ದಿಮ್ಮಿ, ಕಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಅದರೊಳಗೆ ಎಸೆಯಿತು. ಸುಳಿ ಎಲ್ಲವನ್ನೂ ನುಂಗಿತು. ಕೊನೆಗೆ ಸೇನೆಯ ಇಂಜಿನಿಯರುಗಳು ಸುಣ್ಣದ ಕಲ್ಲಿನ ಅಡಿಯಲ್ಲಿ, ನದಿಗೆ ಅಡ್ಡಲಾಗಿ, 1,850 ಅಡಿ ಉದ್ದ 40 ಅಡಿ ಆಳದ ಕಾಂಕ್ರೀಟ್ ಗೋಡೆ ಕಟ್ಟಿ 1876ಕ್ಕೆ ಮುಗಿಸಿದರು. ಅದು ಕಣ್ಣಿಗೆ ಕಾಣುವುದಿಲ್ಲ. ಇವತ್ತಿಗೂ ಜಲಪಾತವನ್ನು ಹಿಡಿದು ನಿಲ್ಲಿಸಿರುವುದರಲ್ಲಿ ಅದಕ್ಕೂ ಪಾಲಿದೆ. ಇದನ್ನು ಕೇಳಿದ ಮೇಲೆ ನನಗೆ ಆ ತೂಬಿನ ಮೇಲೆ ಇದ್ದ ತಾತ್ಸಾರ ಹೋಯಿತು.

ಇಲ್ಲಿಂದ ವ್ಯಾನು ಹತ್ತಿ ಬ್ಡೆ ಮಕಾ ಸ್ಕಾ ಕೆರೆಗೆ. ಊರಲ್ಲಿ ದಿನಾ ಓಡಾಡುವವರಿಗೆ ಇದು ಸೈಕಲ್ ಹೊಡೆಯುವ ಜಾಗ, ಐಸ್‌ಕ್ರೀಂ ತಿನ್ನುವ ಜಾಗ. ಇದು ಯಾಕೆ ಇಲ್ಲಿದೆ ಅಂತ ನಾನು ಎಂಟು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಹಿಮ ಬರುವ ಮುಂಚಿನ ಹಳೇ ನದಿಯ ಕಣಿವೆ ಇದರ ಕೆಳಗೆ ಹೂತುಹೋಗಿದೆ. ಹಿಮ ಹಿಂದೆ ಸರಿಯುವಾಗ ದೊಡ್ಡ ದೊಡ್ಡ ಹಿಮದ ತುಂಡು ಈ ಕಣಿವೆಯಲ್ಲಿ ಸಿಕ್ಕಿಕೊಂಡು, ಮಣ್ಣಿನಲ್ಲಿ ಹೂತು, ನಿಧಾನಕ್ಕೆ ಕರಗಿದವು. ಮೇಲಿನ ಮಣ್ಣು ಕುಸಿಯಿತು, ಗುಂಡಿಯಲ್ಲಿ ನೀರು ನಿಂತಿತು. ಹ್ಯಾರಿಯಟ್ ಕೆರೆ, ಲೇಕ್ ಆಫ್ ದಿ ಐಲ್ಸ್, ಸೀಡರ್ ಎಲ್ಲ ಇದೇ ಸಾಲಿನಲ್ಲಿ ಇರುವುದು ಅದಕ್ಕೇ. ಅಂದರೆ ನಮ್ಮೂರಿನ ಕೆರೆಗಳ ಸಾಲು ಒಂದು ಸತ್ತ ನದಿಯ ಗುರುತು.

ಕೆರೆಯ ದಂಡೆಯಲ್ಲಿ ಮೇಡಂ ಎರಡು ಕಲ್ಲು ತೋರಿಸಿದರು. ಒಂದು ಇಟ್ಟಿಗೆ ಕೆಂಪು, ಒಂದು ಬೂದು. ಕೆಂಪು ಬಂದದ್ದು ಈಶಾನ್ಯದ ಸುಪೀರಿಯರ್ ಸರೋವರದ ಕಡೆಯಿಂದ, ಅಲ್ಲಿನ ಕಲ್ಲಿನಲ್ಲಿ ಕಬ್ಬಿಣ ಇದೆ. ಬೂದು ಸುಣ್ಣದ ಕಲ್ಲು ಬಂದದ್ದು ವಾಯವ್ಯದಿಂದ, ಕೆನಡಾದ ಮ್ಯಾನಿಟೋಬಾ ಕಡೆಯಿಂದ. ಎರಡು ಬೇರೆ ಬೇರೆ ಹಿಮದ ನಾಲಿಗೆಗಳು ಬೇರೆ ಬೇರೆ ಕಾಲಕ್ಕೆ ಬಂದು ಬೇರೆ ಬೇರೆ ಮಣ್ಣು ಸುರಿದು ಹೋಗಿವೆ. ಮೊದಲು ಕೆಂಪು, ಅದರ ಮೇಲೆ ಬೂದು. ಹೀಗೆ ಹಿಮ ಸುರಿದ ಕಲಸುಮಲಸು ಮಣ್ಣಿಗೆ ಟಿಲ್ ಅಂತಾರೆ. ಮನೆ ಹಿಂದೆ ಗುಂಡಿ ತೋಡಿದಾಗ ಯಾವ ಬಣ್ಣ ಬರುತ್ತದೆ ನೋಡಿ ಅಂದರು. ಕೆಂಪು ಕಲ್ಲುಗಳ ಜೊತೆ ಅಗೇಟ್ ಕೂಡ ಸಿಗುತ್ತದಂತೆ, ಪಟ್ಟೆಪಟ್ಟೆಯಾಗಿ ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. 1969ರಿಂದ ಅದು ಮಿನ್ನೆಸೋಟದ ಅಧಿಕೃತ ರತ್ನ. ಆಮೇಲೆ ಮಗಳು ಇಡೀ ದಿನ ತಲೆ ಬಗ್ಗಿಸಿಕೊಂಡೇ ನಡೆದಳು.

ಆಮೇಲೆ ಊಟ. ಒಂದು ಗಂಟೆ ಹತ್ತು ನಿಮಿಷ! ಐದು ಗಂಟೆಯ ಟೂರಿನಲ್ಲಿ! ಊಟದ ದುಡ್ಡು ಬೇರೆ ನಾವೇ ಕೊಡಬೇಕು. ಕಂಪನಿಗೂ ಆ ಹೋಟೆಲಿಗೂ ಏನೋ ಹೊಂದಾಣಿಕೆ ಇರಬೇಕು ಅಂತ ನನ್ನ ಗುಮಾನಿ. ಕೈಯಲ್ಲಿ ಒಂದು ಸ್ಯಾಂಡ್‌ವಿಚ್ ಕೊಟ್ಟು ಕರೆದುಕೊಂಡು ಹೋಗಿದ್ದರೆ ಆ ಸಮಯದಲ್ಲಿ ಏನೇನು ನೋಡಬಹುದಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮಿನ್ನೆಹಾಹಾ. ಇದು ಜಲಪಾತದ ಹಾಗೇ ಇರುವ ಜಲಪಾತ, ಚಿಕ್ಕದು, ಚೆಂದ. 53 ಅಡಿ. ಸೇಂಟ್ ಆಂಥೊನಿ ಜಲಪಾತ ಹಿಂದೆ ಸರಿಯುತ್ತಾ ಈ ತೊರೆಯ ಬಾಯಿ ದಾಟಿ ಮುಂದೆ ಹೋದಾಗ, ತೊರೆ ಮೇಲೆಯೇ ಉಳಿಯಿತು, ದೊಡ್ಡ ನದಿ ಕೆಳಗೆ ಇಳಿದುಬಿಟ್ಟಿತು. ಇದಕ್ಕೂ ಹಾರಿ ಬೀಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಮೇಲೆ ತಾನೂ ಅದೇ ಬಿಸ್ಕತ್ತು-ಸಕ್ಕರೆ ಆಟ ಆಡುತ್ತಾ ಸ್ವಲ್ಪ ಒಳಗೆ ಸರಿದಿದೆ. ಅಮ್ಮ ಓಡಿ ಹೋದ ದಾರಿಯಲ್ಲಿ ಮಗು ಅಂಬೆಗಾಲು ಇಟ್ಟ ಹಾಗೆ.

ಇಲ್ಲೇ ದೊಡ್ಡ ತಕರಾರು. ಕೆಳಗೆ ಇಳಿಯಲು ಉದ್ದನೆಯ ಕಲ್ಲಿನ ಮೆಟ್ಟಿಲು. ಬುಕ್ ಮಾಡುವಾಗ ‘ಸುಲಭದ ನಡಿಗೆ, ಎಲ್ಲ ವಯಸ್ಸಿನವರಿಗೂ’ ಅಂತ ಬರೆದಿದ್ದರು. ನಮ್ಮತ್ತೆಗೆ ಮಂಡಿ ನೋವು. ನಾನು ಫೋನ್ ಮಾಡಿ ಕೇಳಿದ್ದೆ ಕೂಡ, ಏನೂ ತೊಂದರೆ ಇಲ್ಲ ಅಂದಿದ್ದರು. ಪಾಪ, ಅವರು ಮೇಲೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತರು, ನನ್ನ ಹೆಂಡತಿ ಜೊತೆಗೆ. 65 ಡಾಲರ್‌ನ ಟಿಕೆಟ್ ಇಬ್ಬರದ್ದು, ನೋಡಿದ್ದು ಬೆಂಚು. ಮೆಟ್ಟಿಲು ಇದೆ ಅಂತ ಒಂದು ಸಾಲು ಬರೆಯುವುದಕ್ಕೆ ಏನು ಕಷ್ಟ?

ಕೆಳಗೆ ಇಳಿದವರಿಗೆ ಮಾತ್ರ ಟೂರಿನ ಅತಿ ಒಳ್ಳೆಯ ಹದಿನೈದು ನಿಮಿಷ ಸಿಕ್ಕಿತು. ತೊರೆಯ ಪಕ್ಕ ನದಿ ಕಡೆಗೆ ನಡೆಯುತ್ತಾ ಹೋದರೆ ಒಂದು ಕಡೆ ಮರಳುಗಲ್ಲು ಬಿಳಿಯಾಗಿ, ಸ್ವಲ್ಪ ಹಳದಿ ಬೆರೆತು, ಗೋಡೆಯ ಹಾಗೆ ನಿಂತಿದೆ. ಗೀಚುವುದು, ಕೆರೆಯುವುದು ಮಾಡಬಾರದು. ಗೋಡೆಗೆ ತೀರ ಹತ್ತಿರ ಹೋಗುವುದಕ್ಕೂ ಮೇಡಂ ಬಿಡಲಿಲ್ಲ. 2013ರಲ್ಲಿ ಪಕ್ಕದ ಊರಾದ ಸೇಂಟ್ ಪಾಲ್‌ನ ಲಿಲಿಡೇಲ್‌ನಲ್ಲಿ ಮಳೆಗೆ ನೆನೆದ ಗುಡ್ಡ ಕುಸಿದು, ಪಳೆಯುಳಿಕೆ ಹುಡುಕಲು ಶಾಲೆಯಿಂದ ಬಂದಿದ್ದ ಇಬ್ಬರು ಮಕ್ಕಳು ಸತ್ತರು. ಆ ಮಾತು ಹೇಳುವಾಗ ಅವರ ದನಿ ಇಳಿದಿತ್ತು. ಬುಡದಲ್ಲಿ ತಾನಾಗೇ ಉದುರಿ ಬಿದ್ದಿದ್ದ ಒಂದು ಗಡ್ಡೆ ಎತ್ತಿ ನನ್ನ ಕೈಗೆ ಇಟ್ಟರು. ನೋಡಲು ಕಲ್ಲು. ಹೆಬ್ಬೆರಳಿನಿಂದ ಸುಮ್ನೆ ಒತ್ತಿದೆ. ಹುಸ್ ಅಂತ ಪುಡಿಯಾಯಿತು. ಒಂದೊಂದು ಕಾಳೂ ದುಂಡಗೆ, ಗಾಜಿನ ಹಾಗೆ, ಬೆರಳ ಗೆರೆಗಳ ಸಂದಿಯಲ್ಲಿ ಕೂತಿತ್ತು. ಮರಳೂ ಇಷ್ಟು ಶುದ್ಧ ಇರುತ್ತಾ? ಇದು 99 ಪಾಲು ಬರೀ ಸ್ಫಟಿಕವಂತೆ. ಈ ಪುಡಿಯ ಮೇಲೆ ಒಂದು ಊರು ಕೂತಿದೆ ಅಂತ ಆಗ ಮೈ ಜುಮ್ ಅಂದಿತು.

ಮೇಲೆ ಬಂದ ಮೇಲೆ ಮಗಳು ಅಜ್ಜಿ ಪಕ್ಕ ಕೂತು ಶೂ ಬಿಚ್ಚಿ ಅವರ ಅಂಗೈಗೆ ಕೊಡವಿದಳು. ಅತ್ತೆ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಅಯ್ಯ, ಖರೇನ ಸಕ್ರಿ ಹಂಗ ಐತಲ್ಲ,” ಅಂದರು. ಆಮೇಲೆ ಅದನ್ನು ಅಲ್ಲೇ ಹುಲ್ಲಿನ ಮೇಲೆ ಕೊಡವಿದೆವು, ಪಾರ್ಕಿನಿಂದ ಏನೂ ತೆಗೆದುಕೊಂಡು ಹೋಗುವ ಹಾಗಿಲ್ಲ.

ಕೊನೆಯ ನಿಲ್ದಾಣ ಫೋರ್ಟ್ ಸ್ನೆಲ್ಲಿಂಗ್. ಮಿನ್ನೆಸೋಟ ನದಿ ಬಂದು ಮಿಸಿಸಿಪಿಗೆ ಸೇರುವ ಜಾಗ. ಡಕೋಟಾ ಭಾಷೆಯಲ್ಲಿ ಬ್ಡೋಟೆ, ಎರಡು ನೀರು ಕೂಡುವ ಕಡೆ. ಅವರಿಗೆ ಇದು ಪವಿತ್ರ ಜಾಗ. 1862-63ರ ಚಳಿಗಾಲದಲ್ಲಿ ಇದೇ ಕೋಟೆಯ ಕೆಳಗೆ ಸುಮಾರು 1,600 ಡಕೋಟಾ ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಬೇಲಿ ಹಾಕಿ ಕೂಡಿಟ್ಟಿದ್ದರು, ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಟೂರಿನಲ್ಲಿ ಈ ಮಾತು ಬರಲೇ ಇಲ್ಲ. ಇದು ಕಲ್ಲಿನ ಟೂರ್, ಇತಿಹಾಸದ್ದಲ್ಲ ಅನ್ನಬಹುದು. ಆದರೂ ಆ ಜಾಗದಲ್ಲಿ ನಿಂತು ಹೇಳದೇ ಇರುವುದು ನನಗೆ ಸರಿ ಕಾಣಲಿಲ್ಲ.

ಮೇಲಿನಿಂದ ನೋಡಿದರೆ ಮಿನ್ನೆಸೋಟ ನದಿಯ ಕಣಿವೆ ಕಣ್ಣಿಗೆ ಹಿಡಿಸದಷ್ಟು ಅಗಲ. ಅದನ್ನು ದಾಟುವ ಮೆಂಡೋಟಾ ಸೇತುವೆ 4,000 ಅಡಿಗಿಂತ ಉದ್ದ. ಅದರ ಕೆಳಗೆ ನದಿ ಎಲ್ಲಿದೆ ಅಂತ ಹುಡುಕಬೇಕು. ಗಿಡ, ಜೌಗು, ಹುಲ್ಲು, ಮಧ್ಯೆ ಒಂದು ಕಂದು ಪಟ್ಟಿ. ಅತ್ತೆ ಅಷ್ಟು ಹೊತ್ತೂ ಸುಮ್ಮನೆ ಇದ್ದವರು ನನ್ನ ಕಡೆ ತಿರುಗಿ, “ಅಲ್ರೀ, ಇಷ್ಟ ದೊಡ್ಡ ಕಣಿವಿಗೆ ಇಷ್ಟ ಸಣ್ಣ ಹೊಳಿ ಏನ್ರೀ? ಯಾರ್ದೋ ವಾಡೇದಾಗ ಬಾಡಿಗಿ ಇದ್ದಂಗ ಐತಿ,” ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಮೇಡಂಗೆ ಹೇಳಿದೆ. ಅವರು ಎರಡು ಕೈ ಎತ್ತಿ, ಇಪ್ಪತ್ತು ವರ್ಷದಲ್ಲಿ ಇದನ್ನು ಯಾರಾದರೂ ಕೇಳಲಿ ಅಂತ ಕಾಯ್ತಿದ್ದೆ ಅನ್ನುವ ಹಾಗೆ ನಕ್ಕರು.

ವಾಡೆಯ ಯಜಮಾನನ ಹೆಸರು ವಾರೆನ್ ನದಿ. ಉತ್ತರದಲ್ಲಿ ಹಿಮ ಕರಗಿ ಅಗಸಿ ಅನ್ನುವ ಮಹಾ ಸರೋವರ ಆಗಿತ್ತು, ಈಗಿನ ಐದೂ ಗ್ರೇಟ್ ಲೇಕ್ಸ್ ಸೇರಿಸಿದರೂ ಅದಕ್ಕೆ ಸಮ ಆಗುವುದಿಲ್ಲ. ಉತ್ತರಕ್ಕೆ ಹೋಗೋಣ ಅಂದರೆ ಹಿಮವೇ ಅಡ್ಡ ಗೋಡೆ. ನೀರು ದಕ್ಷಿಣದ ಬ್ರೌನ್ಸ್ ವ್ಯಾಲಿ ಹತ್ತಿರ ದಡ ದಾಟಿ ಈ ಕಡೆ ನುಗ್ಗಿತು. ಆ ನೀರು ಕಡಿದದ್ದು ಈ ಕಣಿವೆ. ಆಮೇಲೆ ಹಿಮ ಇನ್ನೂ ಹಿಂದೆ ಸರಿದು ಬೇರೆ ಕಡೆ ತಗ್ಗು ದಾರಿ ತೆರೆಯಿತು, ಯಜಮಾನ ಹೊರಟುಹೋದ, ಮನೆ ಉಳಿಯಿತು. ಸರೋವರಕ್ಕೆ ಆ ಹೆಸರು ಬಂದದ್ದು ಹಿಮಯುಗ ಅನ್ನುವ ವಿಚಾರವನ್ನು ಜಗತ್ತಿಗೆ ಒಪ್ಪಿಸಲು ಓಡಾಡಿದ ಲೂಯಿ ಅಗಸಿ ಎಂಬ ವಿಜ್ಞಾನಿಯಿಂದ. ಅತ್ತೆಗೆ ಮಾತ್ರ ಅಗಸಿ ಅಂದರೆ ಊರಬಾಗಿಲು. “ಹಂಗಾರ ಅಗಸಿ ಒಡದು ನೀರು ಬಂತು ಅನ್ರಿ,” ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ನನ್ನ ಮುಖ್ಯ ಆಕ್ಷೇಪಣೆ ಈಗ. ಇದು ಕಥೆಯ ಶುರು. ಇದನ್ನು ಅವರು ಹೇಳಿದ್ದು ಕೊನೆಯ ಇಪ್ಪತ್ತು ನಿಮಿಷದಲ್ಲಿ, ಡ್ರೈವರ್ ಗಡಿಯಾರ ತೋರಿಸುತ್ತಿರುವಾಗ. ಈ ಟೂರ್ ಮಾಡಿದವರು ಹೊಳೆಯ ಜೊತೆ ಕೆಳಗೆ ಹೋಗುತ್ತಾರೆ. ಹೊಳೆಯ ಜೊತೆ ಕೆಳಗೆ ಹೋದರೆ ಕಾಲದಲ್ಲಿ ಹಿಂದೆ ಹೋದ ಹಾಗೆ. ಜಲಪಾತ ಈಗ ನಿಂತಿರುವ ಜಾಗ ಮೊದಲು, ಅದು ಹೊರಟ ಜಾಗ ಕೊನೆಗೆ. ಮಗುವಿನ ಮದುವೆ ಮೊದಲು ತೋರಿಸಿ ತೊಟ್ಟಿಲು ಆಮೇಲೆ ತೋರಿಸಿದ ಹಾಗೆ. ಮೇಡಂಗೂ ಇದು ಗೊತ್ತು. ವ್ಯಾನ್ ನಿಲ್ಲಿಸುವ ಜಾಗ, ಊಟದ ಹೋಟೆಲು, ಎಲ್ಲ ನೋಡಿ ಆಫೀಸಿನವರು ಮಾಡಿದ ದಾರಿ ಇದು ಅಂದರು. ಅದಕ್ಕೂ ಮಿಗಿಲಾಗಿ ನಿಜವಾದ ತೊಟ್ಟಿಲು ಫೋರ್ಟ್ ಸ್ನೆಲ್ಲಿಂಗ್ ಕೂಡ ಅಲ್ಲ, ಸೇಂಟ್ ಪಾಲ್. ಅಲ್ಲಿಗೆ ಹೋಗುವುದೇ ಇಲ್ಲ!

ಹಾಗಾಗಿ ಮುಂದಿನ ಭಾನುವಾರ ನಾನೂ ಮಗಳೂ ರೈಲು ಹತ್ತಿ ಸೇಂಟ್ ಪಾಲ್ ಡೌನ್‌ಟೌನ್‌ಗೆ ಹೋದೆವು. ವಾಬಶಾ ರಸ್ತೆಯ ಸೇತುವೆ ಮೇಲೆ ನಿಂತೆವು. ಖರ್ಚು ರೈಲಿನ ಟಿಕೆಟ್ ಅಷ್ಟೇ. ಕೆಳಗೆ ಮಿಸಿಸಿಪಿ, ಆಚೆ ದಡದಲ್ಲಿ ಬಿಳಿ ಮರಳುಗಲ್ಲಿನ ಎತ್ತರದ ಗೋಡೆ, ಅದರ ಬುಡದಲ್ಲಿ ಗವಿಗಳು. ಗಾಜು ಮಾಡುವ ಮರಳಿಗೆ ಅಂತ ತೋಡಿದವು, ಆಮೇಲೆ ಅಣಬೆ ಬೆಳೆದರು. ಸುಮಾರು 12,000 ವರ್ಷದ ಹಿಂದೆ ವಾರೆನ್ ನದಿ ಸುಣ್ಣದ ಕಲ್ಲಿನ ಮೇಲೆ ಹರಿದು ಬಂದು ಇಲ್ಲಿ ಒಂದು ಹೂತುಹೋದ ಹಳೇ ಕಣಿವೆಯನ್ನು ಮುಟ್ಟಿತು. ಹಿಮ ತುಂಬಿಸಿಟ್ಟಿದ್ದ ಸಡಿಲ ಮಣ್ಣು ಅದು. ನೀರಿಗೆ ಅದೊಂದು ಲೆಕ್ಕವೇ ಅಲ್ಲ, ಗುಡಿಸಿ ಹಾಕಿತು. ಈ ಕಡೆ ಗಟ್ಟಿ ಕಲ್ಲು, ಆ ಕಡೆ ಏನೂ ಇಲ್ಲ. ಅಲ್ಲಿಗೆ ಜಲಪಾತ ಹುಟ್ಟಿತು. ಎತ್ತರ ಸುಮಾರು 53 ಮೀಟರ್, ಅಗಲ ಸುಮಾರು 800 ಮೀಟರ್. ಡೌನ್‌ಟೌನ್ ನಡುವೆ! ಮಗಳು, “ಅಪ್ಪಾ, ಮಿನ್ನೆಹಾಹಾನೂ 53 ಅಲ್ವಾ?” ಅಂದಳು. ಹೌದು, ಆದರೆ ಅದು ಅಡಿ, ಇದು ಮೀಟರ್. ಟೂರಿನ ಕರಪತ್ರದಲ್ಲೂ ಎರಡು ಕಡೆ 53 ಅಂತಿದೆ, ಒಂದರ ಮುಂದೆ ಅಡಿ ಅಂತಲೂ ಇಲ್ಲ, ಮೀಟರ್ ಅಂತಲೂ ಇಲ್ಲ. ಮನೆಗೆ ಬಂದು ಪೆನ್ನಿನಲ್ಲಿ ಬರೆದಿಟ್ಟಳು.

ಇಲ್ಲಿಂದ ಆ ಜಲಪಾತ ಹಿಂದೆ ಹಿಂದೆ ಸರಿದು ಫೋರ್ಟ್ ಸ್ನೆಲ್ಲಿಂಗ್‌ಗೆ ಹೋಗಿ ಎರಡಾಯಿತು. ಒಂದು ಮಿನ್ನೆಸೋಟ ಕಣಿವೆ ಹಿಡಿಯಿತು, ಕೆಲವೇ ಮೈಲಿಯಲ್ಲಿ ಇನ್ನೊಂದು ಹೂತ ಕಣಿವೆ ಸಿಕ್ಕಿ, ಗಟ್ಟಿ ಮುಚ್ಚಳ ಇಲ್ಲದೆ ಅಲ್ಲೇ ಕಣ್ಮುಚ್ಚಿತು. ಇನ್ನೊಂದು ಮಿಸಿಸಿಪಿ ಹಿಡಿದು ಬಂತು. ನಾವು ಮೊದಲ ದಿನ ಬೆಳಿಗ್ಗೆ ನೋಡಿ ತೂಬು ಅಂತ ಮೂಗು ಮುರಿದದ್ದು ಅದನ್ನೇ. ಸೇಂಟ್ ಪಾಲ್‌ನಿಂದ ಶುರು ಮಾಡಿ ಮೇಲಕ್ಕೆ ಬಂದಿದ್ದರೆ ಆ ಕಾಂಕ್ರೀಟ್ ಮುಂದೆ ನಿಂತಾಗ ಬೇರೆಯೇ ಅನ್ನಿಸುತ್ತಿತ್ತು. ಇಷ್ಟು ದೂರ ಬಂದದ್ದನ್ನು ಇನ್ನು 1,200 ಅಡಿ ಇರುವಾಗ ಹಿಡಿದು ಕಟ್ಟಿ ಹಾಕಿದ್ದಾರೆ.

ಇದನ್ನೆಲ್ಲ ಬರೆದು ಕಂಪನಿಗೆ ಇಮೇಲ್ ಮಾಡಿದೆ. ಎರಡು ದಿನಕ್ಕೆ ಉತ್ತರ ಬಂತು, ಒಳ್ಳೆಯ ಮಾತಿನಲ್ಲೇ. ಅತ್ತೆಯ ಟಿಕೆಟಿನ ಅರ್ಧ ದುಡ್ಡು ವಾಪಸ್ ಮಾಡಿದ್ದಾರೆ. ಮೆಟ್ಟಿಲಿನ ವಿಷಯ ಈಗ ಬುಕಿಂಗ್ ಪುಟದಲ್ಲಿ ಬರೆದಿದ್ದಾರೆ, ನಾನೇ ನೋಡಿದೆ. ದಾರಿ ತಿರುಗಿಸುವ ಬಗ್ಗೆ ಯೋಚನೆ ಮಾಡುತ್ತೇವೆ ಅಂದಿದ್ದಾರೆ, ನೋಡೋಣ.

ಹೋಗುವವರಿಗೆ: ಹಿಡಿತ ಇರುವ ಶೂ ಹಾಕಿಕೊಳ್ಳಿ, ಮಳೆ ಬಂದ ಮರುದಿನ ಕೆಳಗಿನ ದಾರಿ ಜಾರುತ್ತದೆ. ಬೇಸಿಗೆಯಲ್ಲಾದರೆ ಸೊಳ್ಳೆಗೆ ಏನಾದರೂ ಹಚ್ಚಿಕೊಂಡೇ ಹೋಗಿ. ಆರು ವರ್ಷದ ಕೆಳಗಿನ ಮಕ್ಕಳಿಗೆ ಬೋರ್ ಆಗುತ್ತದೆ, ಬಿಸ್ಕತ್ತು ಮುರಿಯುವುದು ಬಿಟ್ಟರೆ. ಮಂಡಿ ನೋವಿನವರು ಮಿನ್ನೆಹಾಹಾವನ್ನು ಮೇಲಿನಿಂದಲೇ ನೋಡಿ, ಫೋರ್ಟ್ ಸ್ನೆಲ್ಲಿಂಗ್‌ನಲ್ಲಿ ಮಾತ್ರ ಪೂರ್ತಿ ಸಮಯ ಕೇಳಿ ತೆಗೆದುಕೊಳ್ಳಿ. ಮೊದಲು ಅರ್ಧ ದಿನ ಸೇಂಟ್ ಪಾಲ್‌ನ ಆ ಸೇತುವೆ ಮೇಲೆ ಹೋಗಿ ನಿಂತು ಬನ್ನಿ, ಆಮೇಲೆ ಈ ಟೂರ್ ಮಾಡಿ. ಬುಕ್ ಮಾಡುವಾಗ ಸಕ್ಕರೆ ಟ್ರೇ ಮೇಡಂ ಯಾವ ದಿನ ಬರುತ್ತಾರೆ ಅಂತ ಕೇಳಿ. ನಾವು ಹೋದಾಗ ಅವರು ಶನಿವಾರ ಮಾತ್ರ ಬರುತ್ತಿದ್ದರು.